ಡೇರಿಯನ್‌ನ ಡ್ರಮ್ಮಿಗೆ ಎದ್ದವರು

ಅಲಬಾಮಾದ ಕಪ್ಪು ಜನರ ಆ ಹಳೆಯ ಕಾಲೇಜಿನಲ್ಲಿ ವರ್ಲೀನ್ ಮೇಡಂ ಡೇಟಾ ಸೈನ್ಸ್ ತರಗತಿ ತೆರೆದರೆ ಒಬ್ಬರೂ ಬರಲಿಲ್ಲ. ಹುಡುಗರೆಲ್ಲ ಫುಟ್‌ಬಾಲ್ ಪಂದ್ಯಗಳಲ್ಲಿ ಬಾರಿಸುವ ಕಾಲೇಜು ಬ್ಯಾಂಡಿನ ಅಭ್ಯಾಸದಲ್ಲಿದ್ದರು. ಮೇಡಂ ನೇರವಾಗಿ ಮೈದಾನಕ್ಕೇ ನಡೆದರು.

"ಪಂದ್ಯದಲ್ಲಿ ನೀವು ಬಾರಿಸುವಾಗ ಯಾವುದಕ್ಕೆ ಜನ ಎದ್ದು ನಿಲ್ತಾರೆ?"

"ನನ್ನ ಡ್ರಮ್ಮಿಗೆ! ಅದನ್ನೂ ಕೇಳ್ಬೇಕಾ ಮೇಡಂ?" ಡೇರಿಯನ್ ಎದೆಯುಬ್ಬಿಸಿದ.

"ಹಾಗಾದ್ರೆ ಲೆಕ್ಕ ಹಾಕಿ ತೋರಿಸಪ್ಪ."

ಪಂದ್ಯಗಳ ವಿಡಿಯೋ ಹಾಕಿಕೊಂಡು ಎಲ್ಲರೂ ಕಂಪ್ಯೂಟರ್ ಮುಂದೆ ಕೂತರು. ಡೇರಿಯನ್ ಬಾರಿಸಿದಾಗ ಜನ ಎದ್ದಿದ್ದೇನೋ ನಿಜ, ಆದರೆ ಕರಿದ ಮೀನಿನ ಅಂಗಡಿಗೆ ಹೋಗಲು!

"ಮೀನಂಗಡಿಯವನು ನಿಂಗೆ ಕಮಿಷನ್ ಕೊಡ್ಬೇಕು ಕಣೋ!" ಎಂದಳು ತುತ್ತೂರಿಯ ಲಟೋನ್ಯಾ.

ಎಲ್ಲರಿಗಿಂತ ಜೋರಾಗಿ ನಕ್ಕವನು ಡೇರಿಯನ್ನೇ. "ಮೇಡಂ, ಇಂಥ ಲೆಕ್ಕ ಹಾಕೋ ಕೆಲಸಕ್ಕೆ ಸಂಬಳ ಕೊಡ್ತಾರಾ?"

"ಚೆನ್ನಾಗೇ ಕೊಡ್ತಾರೆ. ಕಲಿ ಬಾ."

ಅವನು ಕಲಿತ. ಅಟ್ಲಾಂಟಾದ ಆಸ್ಪತ್ರೆಯೊಂದರಲ್ಲಿ ಡೇಟಾ ಕೆಲಸ ಸಿಕ್ಕಿತೆಂದು ಫೋನ್ ಮಾಡಿದಾಗ, ಅವನ ಹಿಂದಿನಿಂದ ಅವನಮ್ಮ "ದೇವರೇ, ನನ್ನಪ್ಪಾ!" ಎಂದು ಕೂಗಿ ಕುಣಿಯುತ್ತಿದ್ದುದು ಮೇಡಂಗೆ ಕೇಳಿಸಿತು.