ನಾನು ಖಾಲಿ ಹಲಗೆಯಲ್ಲ

ನಾನು ಒಂದು ಕರಿಹಲಗೆ. ಹುಬ್ಬಳ್ಳಿಯ ಒಂದು ಕಟ್ಟಿಗೆ ಅಡ್ಡೆಯ ಹಿಂದಿನ ಶೆಡ್ಡಿನಲ್ಲಿ ಹುಟ್ಟಿದೆ. ದಾಂಡೇಲಿ ಕಡೆಯಿಂದ ಬಂದ ಸಾಗವಾನಿ ಹಲಗೆಗಳನ್ನು ಉದ್ದಕ್ಕೆ ಜೋಡಿಸಿ, ಹಿಂದೆ ಪಟ್ಟಿ ಹೊಡೆದು, ಮುಖಕ್ಕೆ ಕರಿ ಬಣ್ಣ ಬಳಿದು ಬಿಸಿಲಿಗೆ ನಿಲ್ಲಿಸಿದರು. ಮುಟ್ಟಬೇಡಿ ಎಂದು ಬಡಗಿ ಕೂಗಿ ಹೇಳುತ್ತಿದ್ದರೂ ದಾರಿಯಲ್ಲಿ ಹೋಗುವವರು ಬೆರಳಿಟ್ಟು ನೋಡಿದರು. ಬೆರಳು ಕಪ್ಪಾಯಿತೆಂದು ನನ್ನನ್ನೇ ಬೈದು ಹೋದರು. ಮನುಷ್ಯರ ಬುದ್ಧಿಯ ಮೊದಲ ಪರಿಚಯ ನನಗಾದದ್ದು ಹೀಗೆ. ಆಮೇಲೆ ಹೇಳಿಕೊಳ್ಳುವಂಥ ಸುಧಾರಣೆಯೇನೂ ಕಾಣಲಿಲ್ಲ.

ನರಗುಂದದ ಕಡೆಯ ಒಂದು ಊರಿನ ಖಾಸಗಿ ಕಾಲೇಜಿಗೆ ನನ್ನನ್ನು ಲಾರಿಯಲ್ಲಿ ಸಾಗಿಸಿದರು. ಅಲ್ಲಿಯ ಅತಿ ದೊಡ್ಡ ಕೋಣೆಯ ಗೋಡೆಗೆ ಬಿಗಿದರು. ಅದು ರಾಜ್ಯಶಾಸ್ತ್ರದ ಕೋಣೆ. ಅಲ್ಲಿ ನನ್ನ ಯಜಮಾನರು ಪ್ರೊಫೆಸರ್ ನಿಜಗುಣ ಬಳಿಗಾರ. ಇಸ್ತ್ರಿ ಮಾಡಿದ ಸಫಾರಿ ಹಾಕುತ್ತಿದ್ದರು. ಕೈಗೆ ಸುಣ್ಣ ಹತ್ತೀತೆಂದು ಸೀಮೆಸುಣ್ಣಕ್ಕೆ ಕಾಗದ ಸುತ್ತಿಕೊಂಡೇ ಬರೆಯುತ್ತಿದ್ದರು. ನೌಕರಿಗೆ ಸೇರಿದ ವರ್ಷ ಬರೆದಿಟ್ಟ ನೋಟ್ಸನ್ನೇ ನಿವೃತ್ತಿಯವರೆಗೂ ಓದಿ ಬರೆಸಿದ ಮಹಾನುಭಾವರು.

ಆ ನೋಟ್ಸಿನಲ್ಲಿ ಅವರಿಗೆ ಅತಿ ಪ್ರಿಯವಾದ ಪಾಠ ಮುನ್ನೂರು ವರ್ಷ ಹಿಂದಿನ ಒಬ್ಬ ಇಂಗ್ಲಿಷ್ ದಾರ್ಶನಿಕನದು. ಅವನ ಹೆಸರನ್ನು ಬಳಿಗಾರರು ಪ್ರತಿ ವರ್ಷ ಬೇರೆ ಬೇರೆ ಥರ ಉಚ್ಚರಿಸುತ್ತಿದ್ದುದರಿಂದ ಸರಿಯಾದದ್ದು ಯಾವುದೆಂದು ನನಗೆ ತಿಳಿಯದು. ಹೇಳುವುದೂ ಇಲ್ಲ. ಪಾಠಕ್ಕೆ ಐದು ಪಾಯಿಂಟು. ಹುಟ್ಟುವಾಗ ಮನುಷ್ಯನ ಮನಸ್ಸು ಏನೂ ಬರೆಯದ ಹಲಗೆ. ಜ್ಞಾನವೆಲ್ಲ ಬರುವುದು ಅನುಭವದಿಂದ. ಸರ್ಕಾರ ನಿಲ್ಲುವುದು ಜನರ ಒಪ್ಪಿಗೆಯ ಮೇಲೆ. ಬಾಯಿಬಿಟ್ಟು ಹೇಳದಿದ್ದರೂ, ಆ ರಾಜ್ಯದ ದಾರಿಯಲ್ಲಿ ಓಡಾಡಿಕೊಂಡಿದ್ದರೆ ಸಾಕು, ಅದೂ ಒಪ್ಪಿಗೆಯೇ. ಇಷ್ಟನ್ನು ಬರೆಸಿ ಬಳಿಗಾರರು ಗಡಿಯಾರ ನೋಡುತ್ತಿದ್ದರು. ಐದನೆಯದನ್ನು ನನ್ನ ಕೆಳ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಸಣ್ಣದಾಗಿ ಗೀಚಿ, ಪರೀಕ್ಷೆಗೆ ಬರುವುದಿಲ್ಲ ಎಂದು ಹೇಳಿ ಒರೆಸಿಬಿಡುತ್ತಿದ್ದರು. ಆಳುವವರು ಜನರ ನಂಬಿಕೆಗೆ ದ್ರೋಹ ಮಾಡಿದರೆ ಕೊಟ್ಟ ಅಧಿಕಾರವನ್ನು ಜನ ವಾಪಸು ತೆಗೆದುಕೊಳ್ಳಬಹುದು ಎಂಬುದು ಆ ಐದನೆಯ ಪಾಯಿಂಟು.

ಮೊದಲನೆಯ ಪಾಯಿಂಟು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಖಾಲಿ ಹಲಗೆ ಎಂಬುದನ್ನು ಈ ದಾರ್ಶನಿಕ ಎಲ್ಲಿ ಕಂಡಿದ್ದನೋ. ಯಾರೂ ಒಂದಕ್ಷರ ಬರೆಯುವ ಮುನ್ನವೇ ನನ್ನೊಳಗೆ ಮರದ ಗೆರೆ ಇತ್ತು, ಗಂಟು ಇತ್ತು. ಒರೆಸಿದ ಮೇಲೂ ಹಿಂದಿನ ವರ್ಷದ ಅಕ್ಷರ ಮಸುಕಾಗಿ ಉಳಿಯುತ್ತಿತ್ತು. ಹಲಗೆಯ ವಿಚಾರ ಬರೆಯುವವನು ಒಮ್ಮೆ ಹಲಗೆಯ ಹತ್ತಿರ ನಿಂತು ನೋಡಬೇಕಿತ್ತು.

ಈ ಪಾಠವನ್ನು ಕಿವಿಗೊಟ್ಟು ಕೇಳಿದವಳು ನಾನು ಕಂಡಂತೆ ಒಬ್ಬಳೇ. ದ್ರಾಕ್ಷಾಯಣಿ ಬಡಿಗೇರ ಅಂತ ಹೆಸರು. ದೂರದ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಅವಳ ಅಪ್ಪ ಕಾಳಪ್ಪ ಊರಲ್ಲಿ ಬಡಗಿತನ ಮಾಡುತ್ತಿದ್ದ, ರಜೆಯಲ್ಲಿ ಅವಳೂ ಅವನ ಕೆಲಸಕ್ಕೆ ಕೈಗೂಡಿಸುತ್ತಿದ್ದಳು. ಅವಳಂಥ ಹುಡುಗಿಯರಿಗೆ ಕಾಲೇಜಿನಲ್ಲಿ ಒಂದು ಲೇಡೀಸ್ ರೂಮ್ ಇತ್ತು, ಅದರೊಳಗೆ ಒಂದು ಪಾಯಖಾನೆ. ಇಡೀ ಕಟ್ಟಡದಲ್ಲಿ ಹೆಣ್ಣುಮಕ್ಕಳಿಗೆ ಇದ್ದದ್ದು ಅದೊಂದೇ.

ಒಂದು ವರ್ಷ ಸಂಸ್ಥೆಯ ಚೇರ್ಮನ್ ಅಂದಾನೆಪ್ಪನವರಿಗೆ ಕಾಲೇಜಿನಲ್ಲಿ ತಮಗೊಂದು ಕಚೇರಿ ಬೇಕು ಅನ್ನಿಸಿತು. ಗಾಳಿ ಬೆಳಕು ಚೆನ್ನಾಗಿದ್ದ ಕೋಣೆ ಲೇಡೀಸ್ ರೂಮ್. ಕಿತ್ತುಕೊಂಡರೆ ಚೆನ್ನಾಗಿ ಕಾಣುವುದಿಲ್ಲವಲ್ಲ, ಅದಕ್ಕೆ ವಿದ್ಯಾರ್ಥಿಗಳ ಒಪ್ಪಿಗೆ ಪಡೆಯುವ ಕೆಲಸ ಬಳಿಗಾರರ ಪಾಲಿಗೆ ಬಂತು.

ಅವರು ಚೇರ್ಮನ್ನರಿಗೆ ನನ್ನ ಮುಂದೆಯೇ ಒಂದು ಸನ್ಮಾನ ಇಟ್ಟರು. ಈ ಸನ್ಮಾನಗಳ ರೀತಿ ನಿಮಗೆ ಗೊತ್ತಿರಬೇಕು. ಮಾನಪತ್ರ ಓದುವವರು ಉಸಿರು ತೆಗೆದುಕೊಳ್ಳಲು ನಿಂತಾಗ ಕೂತವರು ಚಪ್ಪಾಳೆ ತಟ್ಟುತ್ತಾರೆ. ಏನು ಓದಿದರೆಂದು ಯಾರೂ ಕೇಳುವುದಿಲ್ಲ. ಶಾಲು ಹೊದಿಸಿದ್ದಾಯಿತು, ಹಾರ ಹಾಕಿದ್ದಾಯಿತು. ಶಿಕ್ಷಣಪ್ರೇಮಿಗಳೂ, ಕೊಡುಗೈ ದಾನಿಗಳೂ, ಸರಳ ಸಜ್ಜನರೂ ಆದ ಅಂದಾನೆಪ್ಪನವರ ಅಮೂಲ್ಯ ಸೇವೆಗೆ ಅನುಕೂಲವಾಗಲೆಂದು ವಿದ್ಯಾರ್ಥಿ ಬಳಗವು ಲೇಡೀಸ್ ರೂಮನ್ನು ಹರ್ಷದಿಂದ ಬಿಟ್ಟುಕೊಡುತ್ತದೆ ಎಂದು ಒಂದೇ ಉಸಿರಿಗೆ ಓದಿ ಬಳಿಗಾರರು ತಲೆ ಎತ್ತಿದರು. ಕೋಣೆ ತುಂಬ ಚಪ್ಪಾಳೆ. ದ್ರಾಕ್ಷಾಯಣಿಯೂ ತಟ್ಟಿದಳು. ಸರ್ವಾನುಮತ ಎಂದು ಬಳಿಗಾರರು ಘೋಷಿಸಿದಾಗ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರುದಿನ ತರಗತಿಯಲ್ಲಿ ಅವಳು ಎದ್ದು ನಿಂತಳು.

"ಸರ್, ನಾವು ಚಪ್ಪಾಳಿ ಹೊಡದಿದ್ದು ಶಾಲು ಹೊದಿಸಿದ್ದಕ್ಕರಿ. ರೂಮ್ ಕೊಟ್ಟಿದ್ದಕ್ಕಲ್ಲ."

ಬಳಿಗಾರರು ನಕ್ಕರು. "ನೋಡವಾ, ಅವಾಗ ಯಾರರ ಬ್ಯಾಡ ಅಂದ್ರೇನು? ಬ್ಯಾಡ ಅನ್ಲಾರದ ಸುಮ್ಮನ ಕುಂತ್ರ ಒಪ್ಪಿದಂಗ. ನಾಲ್ಕನೇ ಪಾಯಿಂಟ್ ಓದಿಲ್ಲೇನು?"

ತಮ್ಮ ಜಾಣತನಕ್ಕೆ ತಾವೇ ಮೆಚ್ಚಿಕೊಂಡು ಆ ನಾಲ್ಕನೆಯ ಪಾಯಿಂಟನ್ನು ನನ್ನ ಮೇಲೆ ಮತ್ತೊಮ್ಮೆ ಬರೆದು ಅಡಿಗೆರೆ ಎಳೆದರು. ಬಿದ್ದುಹೋಗಬಾರದೇ ಅವರ ಪಾದದ ಮೇಲೆ ಎಂದು ನನಗೆ ಅನ್ನಿಸಿತು. ಮೊಳೆ ಬಿಡಲಿಲ್ಲ.

ಲೇಡೀಸ್ ರೂಮ್ ಪಾಯಖಾನೆಯ ಸಮೇತ ಚೇರ್ಮನ್ನರ ಕಚೇರಿಯಾಯಿತು. ಅಂದಿನಿಂದ ಹುಡುಗಿಯರು ಮನೆಯಿಂದ ಹೊರಟ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಮುಖ ಬಾಡಿ ಬೆಂಚಿಗೆ ತಲೆಯಿಟ್ಟು ಮಲಗುತ್ತಿದ್ದರು. ಒಬ್ಬಳು ಪಾಠದ ನಡುವೆ ತಲೆ ತಿರುಗಿ ಬಿದ್ದಳು. ಆಗ ಬಳಿಗಾರರು ಬರೆಸುತ್ತಿದ್ದದ್ದು ಎರಡನೆಯ ಪಾಯಿಂಟು, ಜ್ಞಾನವೆಲ್ಲ ಅನುಭವದಿಂದ ಎಂಬುದು. ಬೆಳಗಿನಿಂದ ಸಂಜೆಯವರೆಗೆ ಹೊಟ್ಟೆ ಹಿಡಿದುಕೊಂಡು ಕೂತ ಅನುಭವ ಅವರಿಗಾಗಲಿ ಚೇರ್ಮನ್ನರಿಗಾಗಲಿ ಇರಲಿಲ್ಲ. ಆ ದಾರ್ಶನಿಕನ ಮಾತೇ ನಿಜವಾದರೆ ಖಾಲಿ ಹಲಗೆಗಳು ಅವರಿಬ್ಬರೇ.

ಮುಂದಿನ ಬೆಂಚಿನಲ್ಲಿ ದ್ರಾಕ್ಷಾಯಣಿ ಗೆಳತಿಯರಿಗೆ ಹೇಳಿಕೊಂಡು ಅತ್ತಳು. ನೀರು ಕುಡಿಯದೆ ಕೂತು ಕಲಿಯುವ ಕಾಲೇಜು ನಮಗೆ ಬೇಡ, ಈ ಟರ್ಮು ಮುಗಿಯುವುದರೊಳಗೆ ಸರಿಹೋಗದಿದ್ದರೆ ಮನೆಯಲ್ಲೇ ಇರು ಎಂದು ಅಪ್ಪ ಹೇಳಿದ್ದನಂತೆ. ಅವಳಿಗೆ ಬಿ.ಎ. ಮುಗಿಸುವ ಆಸೆ. ಸುಣ್ಣದ ಧೂಳು ಕುಡಿದೇ ಬದುಕಿದ ನನಗೆ ಅಂದು ಮೊದಲ ಬಾರಿ ಸಂಕಟವಾಯಿತು.

ಅತ್ತು ಮುಗಿದ ಮೇಲೆ ಅವಳು ಯೋಚಿಸಿದಳು. ಚಪ್ಪಾಳೆ ಒಪ್ಪಿಗೆಯಾದರೆ ಚಪ್ಪಾಳೆ ತಟ್ಟದೇ ಇದ್ದರೆ ಏನು? ವಾರ್ಷಿಕ ಗ್ಯಾದರಿಂಗ್ ಹತ್ತಿರ ಬಂದಿತ್ತು. ಹುಡುಗಿಯರು ಹುಡುಗರ ಜೊತೆ ಮಾತಾಡಿದರು. ಹುಡುಗರು ಒಪ್ಪಿದ್ದು ನ್ಯಾಯಕ್ಕಾಗಿ ಎಂದು ನಾನು ಹೇಳಲಾರೆ. ಏನೂ ಮಾಡದೆ ಕೂಡುವುದು ಅವರಿಗೆ ಮೊದಲಿನಿಂದ ಚೆನ್ನಾಗಿ ಬರುತ್ತಿತ್ತು.

ಗ್ಯಾದರಿಂಗ್ ನಡೆದದ್ದು ನನ್ನ ಕಿಟಕಿಯ ಹೊರಗಿನ ಬಯಲಲ್ಲಿ. ಚೇರ್ಮನ್ನರು ಭಾಷಣಕ್ಕೆ ನಿಂತರು. ರೂಢಿಯ ಪ್ರಕಾರ ಒಂದು ಮಾತು ಹೇಳಿ ಚಪ್ಪಾಳೆಗೆ ಕಾದರು. ಬರಲಿಲ್ಲ. ಮೈಕು ಕೆಟ್ಟಿದೆಯೇನೋ ಎಂದು ತಟ್ಟಿ ನೋಡಿ ಇನ್ನೊಂದು ಮಾತು ಹೇಳಿ ಕಾದರು. ಕಾಗೆ ಕೂಗಿತು. ಬಳಿಗಾರರು ವೇದಿಕೆಯ ಮೇಲೆ ಒಬ್ಬರೇ ತಟ್ಟಿದರು. ಒಬ್ಬರದೇ ಚಪ್ಪಾಳೆ ರೊಟ್ಟಿ ಬಡಿದಂತೆ ಕೇಳಿಸಿತು. ಚೇರ್ಮನ್ನರ ಭಾಷಣ ಅರ್ಧಕ್ಕೇ ಮುಗಿಯಿತು. ಇಷ್ಟು ದೊಡ್ಡ ಮನುಷ್ಯ ನಿಂತಿದ್ದದ್ದು ಅಷ್ಟು ಸಣ್ಣ ಸದ್ದಿನ ಮೇಲೆಯೇ ಎಂದು ನನಗೆ ಹೇಸಿಗೆಯಾಯಿತು.

ಮುನಿಸಿಕೊಂಡ ಅಂದಾನೆಪ್ಪನವರು ಮುಂದಿನ ವಾರವೇ ಕಚೇರಿ ಖಾಲಿ ಮಾಡಿದರು. ತಮ್ಮ ಮೇಜನ್ನೂ ಹೊತ್ತುಕೊಂಡು ಹೋದರು. ಹುಡುಗಿಯರು ಒಳಗೆ ಹೋಗಿ ನೋಡಿದರೆ ಪಾಯಖಾನೆಗೆ ಬಾಗಿಲೇ ಇಲ್ಲ. ಗಟ್ಟಿ ಸಾಗವಾನಿಯಾಗಿತ್ತೆಂದು ಅದನ್ನು ಕೀಳಿಸಿ ಪಾಲಿಶ್ ಹೊಡೆಸಿ ಅವರು ಅದೇ ಮೇಜಿಗೆ ಹಾಸುಹಲಗೆ ಮಾಡಿಸಿದ್ದರು. ಇಷ್ಟು ತಿಂಗಳು ಶಿಕ್ಷಣದ ಉದ್ಧಾರಕ್ಕೆ ಸಹಿ ಬಿದ್ದದ್ದು ಪಾಯಖಾನೆಯ ಬಾಗಿಲ ಮೇಲೆ.

ಬಾಗಿಲು ಹಾಕಿಸಿಕೊಡಿ ಎಂದು ಹುಡುಗಿಯರು ಬಳಿಗಾರರನ್ನು ಕೇಳಿದರು. ಮುಂದಿನ ವರ್ಷದ ಬಜೆಟ್ಟಿನಲ್ಲಿ ನೋಡೋಣ, ಅಲ್ಲಿಯವರೆಗೆ ಒಂದು ಹಳೇ ಸೀರೆ ಕಟ್ಟಿಕೊಳ್ಳಿ ಅಂದರು. ಟರ್ಮು ಮುಗಿಯುತ್ತ ಬಂದಿತ್ತು. ಸೀರೆ ಕಟ್ಟಿದ ಪಾಯಖಾನೆಗೆ ಮಗಳನ್ನು ಕಳಿಸಲು ಕಾಳಪ್ಪ ಒಪ್ಪುವವನಲ್ಲ.

ಮರುದಿನ ದ್ರಾಕ್ಷಾಯಣಿ ಅಪ್ಪನ ಬಡಗಿ ಸಾಮಾನಿನ ಚೀಲ ತಂದಿದ್ದಳು. ಮೊದಲ ತಾಸು ಶುರುವಾಗುವ ಮುನ್ನ, ಹಾಡುಹಗಲೇ, ಎಲ್ಲರೂ ನೋಡುತ್ತಿದ್ದಂತೆ ನನ್ನ ಮೊಳೆ ಕಿತ್ತಳು. ನಾಲ್ಕಾರು ಹುಡುಗಿಯರು ನನ್ನನ್ನು ಹೊತ್ತುಕೊಂಡು ವರಾಂಡದಲ್ಲಿ ನಡೆದರು. ಪ್ಯೂನ್ ನೋಡಿದ. ಆಫೀಸಿನವರು ಕಿಟಕಿಯಿಂದ ಇಣುಕಿದರು. ಏನು ಎತ್ತ ಎಂದು ಒಬ್ಬರೂ ಕೇಳಲಿಲ್ಲ. ಯಾರದೋ ಆದೇಶ ಇರಬೇಕು ಎಂದುಕೊಂಡು ಸುಮ್ಮನಿರುವುದು ಆ ಕಾಲೇಜಿನ ಪದ್ಧತಿ. ಪಾಯಖಾನೆಯ ಚೌಕಟ್ಟಿಗೆ ನನ್ನನ್ನು ಉದ್ದುದ್ದ ನಿಲ್ಲಿಸಿ, ಹೆಚ್ಚಾದದ್ದನ್ನು ಗರಗಸದಿಂದ ಕೊಯ್ದು, ಅವಳು ಬಿಜಾಗರಿ ಕೂಡಿಸಿದಳು, ಒಳಗೆ ಚಿಲಕ ಹಚ್ಚಿದಳು. ನೋವಾಯಿತು ನಿಜ. ಬಳಿಗಾರರ ಅಕ್ಷರಕ್ಕಿಂತ ಗರಗಸ ವಾಸಿ.

ಅಷ್ಟರಲ್ಲಿ ಬಳಿಗಾರರು ಕಾಗದ ಸುತ್ತಿದ ಸೀಮೆಸುಣ್ಣ ಹಿಡಿದುಕೊಂಡೇ ಧಾವಿಸಿ ಬಂದರು. ಲೇಡೀಸ್ ರೂಮಿನ ಹೊಸ್ತಿಲ ಆಚೆ ನಿಂತರು.

"ಯಾರನ್ನ ಕೇಳಿ ಬೋರ್ಡ್ ತಗದ್ರಿ?"

ದ್ರಾಕ್ಷಾಯಣಿ ಕೈಯ ಮರದ ಹೊಟ್ಟು ಕೊಡವಿಕೊಂಡಳು. "ಎಲ್ಲಾರ ಮುಂದನ ತಗದೀವ್ರಿ ಸರ್. ಪ್ಯೂನ್ ನೋಡಿದ್ರು, ಆಫೀಸಿನವರು ನೋಡಿದ್ರು. ಯಾರೂ ಬ್ಯಾಡ ಅನ್ಲಿಲ್ರಿ. ನಾಲ್ಕನೇ ಪಾಯಿಂಟ್ ಪ್ರಕಾರ ಎಲ್ಲಾರೂ ಒಪ್ಯಾರ್ರಿ."

ಅವಳು ಒಳಗೆ ಹೋಗಿ ನನ್ನನ್ನು ಎಳೆದುಕೊಂಡು ಚಿಲಕ ಹಾಕಿದಳು. ಬಳಿಗಾರರು ಸೀಮೆಸುಣ್ಣವನ್ನು ಸಫಾರಿಯ ಜೇಬಿಗೆ ಹಾಕಿಕೊಂಡು ಬಂದ ದಾರಿಯಲ್ಲೇ ಹಿಂದಿರುಗಿದರು.

ರಾಜ್ಯಶಾಸ್ತ್ರದ ಕೋಣೆಗೆ ಅದೇ ವಾರ ಹೊಸ ಹಲಗೆ ಬಂತು. ಅದಕ್ಕೆ ಯಾರೂ ಮುಂದಿನ ಬಜೆಟ್ಟಿನ ಮಾತೆತ್ತಲಿಲ್ಲ. ಕಾಳಪ್ಪ ಒಂದು ದಿನ ಬಂದು, ಹುಡುಗಿಯರನ್ನೆಲ್ಲ ಹೊರಗೆ ನಿಲ್ಲಿಸಿ, ನನ್ನನ್ನು ಮುಚ್ಚಿ ತೆಗೆದು ನೋಡಿದ. ಬಿಜಾಗರಿ ಒಂದು ಕೂದಲೆಳೆ ಓರೆಯಾಗಿದೆ ಎಂದು ಮಗಳನ್ನು ಬೈದ. ಕಾಲೇಜು ಬಿಡು ಎಂದು ಮತ್ತೆ ಹೇಳಲಿಲ್ಲ. ಅವಳು ಬಿ.ಎ. ಮುಗಿಸಿದಳು.

ಈಗ ನನಗೆ ವಯಸ್ಸಾಗಿದೆ. ನೀರು ಬಿದ್ದು ಕೆಳಗಿನ ಅಂಚು ಮೆತ್ತಗಾಗಿದೆ, ಬಣ್ಣ ಎದ್ದಿದೆ. ಆ ದಾರ್ಶನಿಕನ ಮೇಲೆ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ. ಅವನನ್ನು ಬಾಯಿಪಾಠ ಮಾಡಿ ಹೊಟ್ಟೆ ಹೊರೆದವರ ಮೇಲಂತೂ ಇಳಿಯುವುದೂ ಇಲ್ಲ. ಗೋಡೆಯ ಮೇಲಿದ್ದಷ್ಟು ಕಾಲ ಜನರ ಹಕ್ಕುಗಳನ್ನು ನನ್ನ ಮೈತುಂಬ ಬರೆದರು, ಗಂಟೆ ಹೊಡೆದ ಕೂಡಲೇ ಒರೆಸಿದರು. ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬರುವಂಥ ಹಕ್ಕು ಅದರಲ್ಲಿ ಒಂದೂ ಇರಲಿಲ್ಲ. ಇಲ್ಲಿ ನನ್ನ ಮೇಲೆ ಯಾರೂ ಏನೂ ಬರೆಯುವುದಿಲ್ಲ. ಹುಡುಗಿಯರು ಬರುತ್ತಾರೆ, ಚಿಲಕ ಹಾಕಿಕೊಳ್ಳುತ್ತಾರೆ, ಹೊರಗೆ ಬಂದು ಕೈತೊಳೆದು ಹೊಟ್ಟೆತುಂಬ ನೀರು ಕುಡಿದು ಪಾಠಕ್ಕೆ ಹೋಗುತ್ತಾರೆ.