ಬಳಪ ಹಿಡಿದವಳು

ತಗಡಿನ ಚಾವಣಿಯ ಆ ಕೋಣೆಯಲ್ಲಿ ಇದ್ದ ಒಂದು ಫ್ಯಾನೂ ಕಂಪ್ಯೂಟರುಗಳ ಕಡೆ ತಿರುಗಿತ್ತು. ಮನುಷ್ಯರು ಬೇಯಬಹುದು, ಯಂತ್ರ ಬೇಯಬಾರದು. ಮುದ್ದೇಬಿಹಾಳದ ಮಾರುಕಟ್ಟೆ ಹಿಂದಿನ ಆ ತರಬೇತಿ ಕೇಂದ್ರದಲ್ಲಿ ಫಿರದೋಸ ದಿನವಿಡೀ ನಿಂತೇ ಪಾಠ ಹೇಳುತ್ತಿದ್ದಳು. ಸಂಜೆಗೆ ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಸಂಬಳ ಕೇಳಿದರೆ ಮಾಲೀಕ ಅನಿಲ ನಗುತ್ತಿದ್ದ.

"ಅಮೇರಿಕಾಕ್ಕ ಹೋಗಾಕಿಗೆ ಇಲ್ಲಿ ಸಂಬಳ ಯಾಕ ಬೇಕು?"

ಅದು ಎರಡು ಸಾವಿರದ ಇಸವಿ. ಅಮೇರಿಕದ ಕಂಪನಿಗಳಿಗೆ ಕಂಪ್ಯೂಟರ್ ಬಲ್ಲವರು ಸಿಕ್ಕಷ್ಟೂ ಬೇಕಾಗಿದ್ದರು. ಫೋನಿನಲ್ಲೇ ಸಂದರ್ಶನ. ಪಾಸಾದವರ ಹೆಸರಿಗೆ ಕಂಪನಿಯೇ ವೀಸಾ ಅರ್ಜಿ ಹಾಕುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ? ಇಲ್ಲಿ ಪೂಜಾರಿ ಅನಿಲ. ಉಳ್ಳವರ ಮಕ್ಕಳನ್ನು ಸ್ಪೀಕರ್ ಫೋನಿನ ಮುಂದೆ ಕೂರಿಸುತ್ತಿದ್ದ. ಎದುರಿಗೆ ಫಿರದೋಸ. ಅವಳು ಶಾಲೆ ಮಕ್ಕಳ ಕಲ್ಲಿನ ಪಾಟಿಯ ಮೇಲೆ ಬಳಪದಿಂದ ಉತ್ತರ ಬರೆದು ಎತ್ತಿ ಹಿಡಿಯಬೇಕು, ಅವರು ಓದಿ ಹೇಳಬೇಕು. ಕಾಗದವಾದರೆ ಸದ್ದು ಅತ್ತ ಕೇಳುತ್ತದೆ. ಬಳಪವನ್ನು ನೀರಿಗೆ ಅದ್ದಿದರೆ ಸದ್ದೇ ಇಲ್ಲ. ಹೀಗೆ ಎಷ್ಟೋ ದಡ್ಡರು ವಿಮಾನ ಹತ್ತಿದರು. "ಮುಂದಿನದು ನಿಂದ" ಎಂದು ಅನಿಲ ಪ್ರತಿ ಸಲವೂ ಅವಳ ಮೂಗಿಗೆ ತುಪ್ಪ ಸವರುತ್ತಿದ್ದ.

ಇವತ್ತು ಖಂಡಿತ ಅವಳದೇ ಸರದಿ ಎಂದಿದ್ದ. ಊರವರ ಕೌದಿ ಹೊಲಿದು ಮಗಳನ್ನು ಓದಿಸಿದ ತಾಯಿ ರಮಜಾನಬಿ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಫಿರದೋಸ ಬಂದು ನೋಡಿದರೆ ಕುರ್ಚಿಯಲ್ಲಿ ದಲಾಲಿ ಅಂಗಡಿ ಸಾಹುಕಾರನ ಮಗ ಚೇತನಕುಮಾರ ಕುಳಿತಿದ್ದಾನೆ. ಅನಿಲ ಅವಳಿಗೆ ಪಾಟಿ ಚಾಚಿದ.

"ನೀ ಒಬ್ಬಾಕಿ ಹುಡುಗಿ. ಅದರಾಗ ನಿಮ್ಮ ಜನ. ನಿನಗ ವೀಸಾ ಯಾರು ಕೊಡ್ತಾರ? ಸುಮ್ಮನ ಬರಿ."

ಫಿರದೋಸ ಬಾಗಿಲ ಕಡೆ ತಿರುಗಿದಳು. ಆದರೂ ಕುಳಿತಳು. ರೂಢಿ ಕೆಟ್ಟದ್ದು.

ಫೋನು ಬಂತು. ಅತ್ತಲಿನವನು ಇಂಗ್ಲಿಷಿನಲ್ಲಿ ಕೇಳಿದ, ಇವಳು ಬರೆದಳು, ಚೇತನಕುಮಾರ ಓದಿದ. ಆಮೇಲೆ ಅತ್ತಲಿನವನು, ನಿಮ್ಮೂರ ಮಾರುಕಟ್ಟೆಯ ಹರಾಜಿಗೆ ನೀವೇ ಪ್ರೋಗ್ರಾಂ ಬರೆದಿದ್ದೀರಂತೆ, ಇಬ್ಬರು ವ್ಯಾಪಾರಿಗಳು ಒಂದೇ ದರ ಹಾಕಿದರೆ ಅದು ಏನು ಮಾಡುತ್ತದೆ ಎಂದ.

ಫಿರದೋಸಳ ಕೈ ನಿಂತಿತು. ಆ ಪ್ರೋಗ್ರಾಂ ಅವಳದು. ಉರಿಬಿಸಿಲಲ್ಲಿ ಹಮಾಲರ ನಡುವೆ ನಿಂತು, ಹರಾಜು ನೋಡಿ ನೋಡಿ ಬರೆದದ್ದು. ಅದನ್ನೂ ಇವನ ಹೆಸರಿಗೆ ಹಚ್ಚಿದ್ದಾರೆ! ಅವಳು ಬಳಪವನ್ನು ಮೇಜಿನ ಮೇಲಿಟ್ಟಳು.

ಚೇತನಕುಮಾರ ಬೆವತ. ಅನಿಲ ಲೈನು ಸರಿಯಿಲ್ಲ ಎಂದು ಇಂಗ್ಲಿಷಿನಲ್ಲಿ ಒದರಿ ಫೋನು ಇಟ್ಟ. ನಂತರ ಅವಳ ಕಡೆ ತಿರುಗಿದ.

"ಉಂಡ ಮನಿ ಗಳ ಎಣಸ್ತೀ? ಬರಿ. ಇಲ್ಲಾ ನಾಳಿಂದ ಬರಬ್ಯಾಡ."

"ಇಲ್ಲಿ ಉಂಡಿದ್ದು ಯಾವಾಗ್ರಿ ಸರ್? ನಾ ಬರಿಯಂಗಿಲ್ಲ."

ಪ್ಲೈವುಡ್ ಗೋಡೆಯಾಚೆ ಪಾಠಕ್ಕೆ ಬಂದ ಹುಡುಗ ಹುಡುಗಿಯರಿಗೆ ಎಲ್ಲವೂ ಕೇಳಿಸಿತ್ತು. ಒಬ್ಬೊಬ್ಬರೇ ಬಾಗಿಲಿಗೆ ಬಂದು ನಿಂತರು. ಅನಿಲ ಅವರಲ್ಲಿ ಚುರುಕಾದ ಭಾಗ್ಯಜ್ಯೋತಿಯನ್ನು ಕರೆದು ಪಾಟಿ ಕೊಡಹೋದ. ಮುಂದಿನ ಸಲ ಅಮೇರಿಕಕ್ಕೆ ನಿನ್ನನ್ನೇ ಕಳಿಸುತ್ತೇನೆ ಎಂದ.

ಭಾಗ್ಯಜ್ಯೋತಿ ಫಿರದೋಸಳ ಬಾತ ಕಾಲು ನೋಡಿದಳು.

"ಅಕ್ಕಗೂ ಹಿಂಗ ಹೇಳಿದ್ರಿ. ಒಲ್ಲೆರಿ."

ಅನಿಲ ಪಾಟಿಯನ್ನು ಹಿಡಿದು ಒಬ್ಬೊಬ್ಬರ ಮುಖ ನೋಡಿದ. ಯಾರೂ ಕೈ ಚಾಚಲಿಲ್ಲ.

ಫೋನು ಮತ್ತೆ ಹೊಡೆದುಕೊಂಡಿತು. ಅನಿಲ ಅದನ್ನು ಕಿತ್ತುಹಾಕಲು ಮುನ್ನುಗ್ಗಿದ. ಹುಡುಗರು ಅಡ್ಡ ನಿಂತರು. ಫಿರದೋಸ ಸ್ಪೀಕರಿನ ಗುಂಡಿ ಒತ್ತಿದಳು. ಏಳು ಸಮುದ್ರದಾಚೆಯ ಧ್ವನಿ ಕೋಣೆ ತುಂಬ ಚೇತನಕುಮಾರ, ಚೇತನಕುಮಾರ ಎಂದು ಕೂಗತೊಡಗಿತು.

"ಮಾತಾಡಪಾ," ಎಂದಳು ಫಿರದೋಸ. "ನಿನ್ನ ಹೆಸರ ಕರ್ಯಾಕತ್ತಾರ."