ಗೋಡೆ ತಟ್ಟಿದ ಜಾಗ

ನನ್ನ ಮೇಜಿನ ಮೇಲೆ ಗೇಣುದ್ದದ ಉಕ್ಕಿನ ಶಾಫ್ಟೊಂದಿದೆ. ಅರ್ಧ ಕನ್ನಡಿಯ ಹಾಗೆ ನುಣುಪು, ಇನ್ನರ್ಧ ಬರೀ ಗೆರೆ. ಬಂದವರು ಅದನ್ನೆತ್ತಿ ನೋಡಿ, ನಲವತ್ತು ವರ್ಷ ಲೇತ್ ಓಡಿಸಿದವನು ಮಾಡಿದ್ದು ಇಂಥ ಕೆಲಸವೇ ಎಂದು ಮುಖ ಮುಖ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ, ನನಗೇನು.

ಆಗ ನಮ್ಮ ಅಡುಗೆಮನೆಗೂ ನನ್ನ ಲೇತ್ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಕಾಯಿಸಿ ಗಟ್ಟಿ ಮಾಡಿದ ಉಕ್ಕನ್ನು ನುಣ್ಣಗೆ ಕಡೆಯುವುದು ನನ್ನ ಕಸುಬು. ಆ ಉಕ್ಕು ಮಹಾ ಹಟಮಾರಿ. ಎಷ್ಟು ಆಳ ಕೊರೆದಿರೆಂದು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಫೀಡು, ಅಂದರೆ ತುಂಡು ಒಂದು ಸುತ್ತು ತಿರುಗುವಷ್ಟರಲ್ಲಿ ಕಡೆಯುವ ಟೂಲು ಮುಂದೆ ಸರಿಯುವ ದೂರ, ಕೂದಲೆಳೆಯಷ್ಟು ಹೆಚ್ಚಾದರೂ ಮೈತುಂಬ ಗೆರೆ. ಸುತ್ತುವ ವೇಗ ತಗ್ಗಿದರೂ ಮುನಿಸು. ಟೂಲಿನ ಮೊನೆ ಸವೆದಿದ್ದರಂತೂ ಕಥೆ ಮುಗಿಯಿತು.

ಇದನ್ನೆಲ್ಲ ನಾನು ಯಂತ್ರ ನಿಲ್ಲಿಸಿ, ತುಂಡಿನ ಮೇಲೆ ಉಗುರೆಳೆದು ತಿಳಿಯುತ್ತಿದ್ದೆ. ನನ್ನ ಹೆಂಡತಿ ಒಲೆಯ ಮುಂದೆ ನಿಂತೇ ಸದ್ದಿನಲ್ಲಿ ತಿಳಿಯುತ್ತಿದ್ದಳು. ಸೌಟಿನಿಂದ ಗೋಡೆಗೆ ಒಂದೇಟು ಬಿದ್ದರೆ ಫೀಡು ಜಾಸ್ತಿ. ಎರಡು ಬಿದ್ದರೆ ಮೊನೆ ಸವೆದಿದೆ. ಒಂದು ದಿನವೂ ತಪ್ಪಿದವಳಲ್ಲ, ಹಾಳಾದವಳು.

ಒಮ್ಮೆ ಹೊಸ ಗಿರಾಕಿಯ ಹನ್ನೆರಡು ಶಾಫ್ಟು ಕಡೆಯುತ್ತಿದ್ದೆ, ಅವನು ಎದುರಿಗೇ ಕೂತಿದ್ದ. ಗೋಡೆ ಠಕ್ಕೆಂದಿತು.

"ಏನ್ರೀ ಅದು?" ಎಂದ.

ಹೆಂಡತಿಯಿಂದ ಹೇಳಿಸಿಕೊಂಡು ಕೆಲಸ ಮಾಡುತ್ತೇನೆಂದು ಒಪ್ಪಲು ನಾಲಿಗೆ ಏಳಲಿಲ್ಲ. "ನಿನ್ನ ಅಡುಗೆ ನೀನು ನೋಡ್ಕೊಳ್ಳೇ, ನನ್ನ ಕೆಲಸ ನಂಗೊತ್ತು!" ಎಂದು ಆಚೆಗೆ ಕೇಳುವಂತೆ ಕೂಗಿದೆ. ಫೀಡು ಇಳಿಸಲಿಲ್ಲ. ಹನ್ನೆರಡು ಶಾಫ್ಟೂ ಗೆರೆ ಬಿದ್ದಿವೆಯೆಂದು ವಾಪಸ್ ಬಂದವು. ಅದು ಹೋಗಲಿ, ಅಂದಿನಿಂದ ಗೋಡೆ ನನ್ನೊಡನೆ ಮಾತು ಬಿಟ್ಟಿತು.

ಊಟಕ್ಕೆ ಬಡಿಸುತ್ತಿದ್ದಳು, ನಗುತ್ತಿದ್ದಳು, ಪಕ್ಕದ ಮನೆಯ ಸುದ್ದಿ ಹೇಳುತ್ತಿದ್ದಳು. ಗೋಡೆಯನ್ನು ಮಾತ್ರ ತಟ್ಟಲಿಲ್ಲ. ಹೀಗೆ ಎರಡು ವರ್ಷ. ಹೆಜ್ಜೆಗೊಮ್ಮೆ ಉಗುರೆಳೆದು ನೋಡುತ್ತಿದ್ದೆನಾದ್ದರಿಂದ ಕೆಲಸವೇನೂ ಕೆಡಲಿಲ್ಲ. ಆದರೆ ಆ ಕೋಣೆಯಲ್ಲಿ ಒಬ್ಬನೇ ಇದ್ದೇನೆ ಎಂದು ಮೊದಲ ಸಲ ಅನಿಸಿತು. ತಪ್ಪಾಯ್ತು ಎನ್ನಲು ಬಾಯಿ ತೆರೆದರೆ "ಉಪ್ಪು ಕಡಿಮೆ" ಎಂದು ಬರುತ್ತಿತ್ತು.

ಕೊನೆಗೆ ಒಂದು ಬೆಳಿಗ್ಗೆ ಒಳ್ಳೆಯ ತುಂಡೊಂದನ್ನು ಲೇತಿಗೆ ಹಿಡಿಸಿ, ಫೀಡನ್ನು ಬೇಕೆಂದೇ ಮೂರು ಪಟ್ಟು ಏರಿಸಿದೆ. ಯಂತ್ರ ಗೊರ್ರೆಂದಿತು. ಕಾಲು ಭಾಗ ಹೋಯಿತು. ಆಚೆ ಪಾತ್ರೆಗಳ ಸದ್ದು ನಿಂತಿತು. ಅರ್ಧ ಹೋಯಿತು. ಇವಳು ಇನ್ನು ತಟ್ಟುವುದಿಲ್ಲ ಎಂದುಕೊಂಡೆ.

ಠಕ್.

ಯಂತ್ರ ನಿಲ್ಲಿಸಿದೆ. ಕಣ್ಣೊರೆಸಿಕೊಂಡು, ಫೀಡು ಇಳಿಸಿ, ಉಳಿದರ್ಧ ಕಡೆದು ಮುಗಿಸಿದೆ. ತಿರುಗಿದರೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು.

"ಬೇಕಂತಲೇ ಕೆಡಿಸಿದ್ರಿ ಅಲ್ವಾ?"

"ಹೂಂ ಕಣೇ."

"ಇಷ್ಟಕ್ಕೆ ಎರಡು ವರ್ಷ ಬೇಕಾಯ್ತಾ ನಿಮಗೆ?"

ಅವಳು ತೀರಿಕೊಂಡು ಈಗ ನಾಲ್ಕು ವರ್ಷ. ಲೇತನ್ನು ಮಾರಿದೆ, ಈ ತುಂಡನ್ನು ಕೊಡಲಿಲ್ಲ. ಅವಳ ನೆನಪು ತಡೆಯಲಾಗದ ದಿನ ಇದರ ಮೇಲೆ ಉಗುರೆಳೆಯುತ್ತೇನೆ. ಗೆರೆಗಳು ಒಂದೊಂದಾಗಿ ತಾಕುತ್ತಾ ಹೋಗಿ, ನಡುವೆ ಒಂದು ಕಡೆ ಥಟ್ಟನೆ ನುಣುಪಾಗುತ್ತದೆ. ಅವಳು ಗೋಡೆ ತಟ್ಟಿದ್ದು ಅಲ್ಲಿ.